ಚರ್ಮದೊಳಗೆ ಸಿಕ್ಕಿದ ಕೂದಲು

ಖುರ್ಷಿದ್ ಬೀಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ದೊಡ್ಡಬಳ್ಳಾಪುರದ ಅವಳ ಮೊಹಲ್ಲಾದಲ್ಲೆಲ್ಲ ಹೆಸರು. ಮದುವೆ ಮನೆಗೆ ಕಾಲಿಟ್ಟರೆ ಅಡುಗೆಯವನಿಗೂ ಬೈಗುಳ, ಮದುಮಗಳ ಅಜ್ಜಿಗೂ ಬೈಗುಳ. ಆದರೂ ಹೆಣ್ಣನ್ನು ಮದುವೆಗೆ ಸಿದ್ಧಮಾಡಬೇಕು ಅಂದರೆ ಎಲ್ಲರೂ ಅವಳನ್ನೇ ಕರೆಸುತ್ತಿದ್ದರು. ಗಂಡ ಸತ್ತ ಮೇಲೆ ಅವಳಿಗೆ ಅನ್ನ ಕೊಟ್ಟ ಕಸುಬು ಅದು. ಬೆಲ್ಲಕ್ಕೆ ನಿಂಬೆರಸ ಹಿಂಡಿ ಅಂಟುಪಾಕ ಬರುವ ತನಕ ಕಾಯಿಸಿ, ಉಗುರುಬೆಚ್ಚಗಾದಾಗ ಮೈಗೆ ಹಚ್ಚಿ, ಕೈಕಾಲು, ಕಂಕುಳು, ಬಟ್ಟೆಯ ಮರೆಯ ಜಾಗ, ಎಲ್ಲ ಕಡೆಯ ಕೂದಲನ್ನೂ ಕಿತ್ತು ತೆಗೆಯುವುದು. ಯುದ್ಧ ಬಂದು ಸಕ್ಕರೆ ರೇಷನ್ನಿಗೆ ಸೇರುವ ಮುಂಚೆ ಸಕ್ಕರೆಯಲ್ಲೇ ಪಾಕ ಮಾಡುತ್ತಿದ್ದಳು.

ಕೀಳುವುದು ಅರ್ಧ ಕೆಲಸ, ಉಳಿದರ್ಧ ಆಮೇಲಿನದು ಎಂದು ಹೇಳಿ ಹೇಳಿ ಅವಳ ಬಾಯಿ ನೋಯುತ್ತಿತ್ತು. ಕಿತ್ತ ಚರ್ಮ ಹಸಿಯಾಗಿರುತ್ತದೆ. ತಣ್ಣೀರಿನ ಬಟ್ಟೆ ಹಾಕಿ, ಸಡಿಲವಾದ ಹಳೆಯ ಹತ್ತಿ ಬಟ್ಟೆ ತೊಡಿಸಿ ಸುಮ್ಮನೆ ಬಿಡಬೇಕು. ಉರಿ ಆರುವ ತನಕ ಉಜ್ಜಬಾರದು, ಉಗುರು ತಾಗಿಸಬಾರದು. ಆರಿದ ಮೇಲೆ ಸ್ನಾನ ಮಾಡುವಾಗ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ತಿಕ್ಕುತ್ತಿದ್ದರೆ ಹೊಸ ಕೂದಲಿಗೆ ದಾರಿ ಸಿಗುತ್ತದೆ. ಇಲ್ಲದಿದ್ದರೆ ಅದು ಒಳಗೇ ಸುರುಳಿ ಸುತ್ತಿ ಗುಳ್ಳೆಯಾಗಿ, ಕೀವು ತುಂಬುತ್ತದೆ. ಅದಕ್ಕೇ ಮದುವೆಗೆ ವಾರ ಇರುವಾಗಲೇ ಕರೆಯಿರಿ ಎನ್ನುತ್ತಿದ್ದಳು. ಯಾರು ಕೇಳುತ್ತಾರೆ? ಜವಳಿಯವನಿಗೆ ತಿಂಗಳು ಮೊದಲೇ ಹೇಳಿಕಳಿಸುವ ಜನ, ಹೆಣ್ಣಿನ ಚರ್ಮಕ್ಕೆ ಒಂದು ವಾರ ಕೊಡುವುದಿಲ್ಲ!

ನೂಲಿನ ವ್ಯಾಪಾರಿ ಕಲೀಮುಲ್ಲಾನ ಮಗಳು ಜಾಹಿದಾ ಇಪ್ಪತ್ತೆರಡರ ಹುಡುಗಿ, ತಾಯಿಯಿಲ್ಲದವಳು. ದೇವನಹಳ್ಳಿಯ ಜಾಫರ್‌ಗೆ ಕೊಡುವುದೆಂದು ನಿಶ್ಚಯವಾಗಿತ್ತು. ಅವನು ಮಿಲಿಟರಿ ಪಟ್ಟಾಳದ ಉಗ್ರಾಣದಲ್ಲಿ ಗುಮಾಸ್ತ. ರಜೆ ಮೊಟಕಾಯಿತೆಂದು ನಿಕಾಹನ್ನು ಏಕಾಏಕಿ ಗೊತ್ತಾದ ದಿನಕ್ಕಿಂತ ಮುಂಚೆಯೇ ಇಟ್ಟುಕೊಂಡರು. ನಿಕಾಹಿನ ಹಿಂದಿನ ದಿನ ಸಂಜೆ ಬಂದು ಕೈಮುಗಿದ ಕಲೀಮುಲ್ಲಾನಿಗೆ ಬೈಯುತ್ತ ಬೈಯುತ್ತಲೇ ಖುರ್ಷಿದ್ ಪಾಕ ಕಾಯಿಸಿದಳು.

ಬೆಳಗಾಗುತ್ತಲೇ ಜಾಫರನ ತಾಯಿ ಕಮರ್ ಜಹಾನ್ ಹೆಂಗಸರ ದಂಡು ಕಟ್ಟಿಕೊಂಡು ಬಂದಳು. ಕಡಲೆಹಿಟ್ಟು, ಅರಿಶಿನ ಕಲಸಿ ಹುಡುಗಿಯ ಮೈಯನ್ನೆಲ್ಲ ಒರಟು ಬಟ್ಟೆಯಲ್ಲಿ ತಿಕ್ಕಿದರು. ಮೇಲೆ ತಾವೇ ಹೊಲಿಸಿ ತಂದ, ಉಸಿರು ಕಟ್ಟುವಷ್ಟು ಬಿಗಿಯಾದ ಸ್ಯಾಟಿನ್ ಪೈಜಾಮ. ಖುರ್ಷಿದ್ ಕೂಗಾಡಿದಳು. "ನಮ್ಮ ಮನೆ ಶಾಸ್ತ್ರ, ನೀವು ಸುಮ್ನಿರಿ" ಎಂದಳು ಕಮರ್ ಜಹಾನ್.

ಜಾಫರ್ ಡ್ಯೂಟಿಗೆ ಹೋದ ಸ್ವಲ್ಪ ದಿನಕ್ಕೆ ದೇವನಹಳ್ಳಿಯಿಂದ ಸುದ್ದಿ ಬಂತು. ಬಚ್ಚಲಲ್ಲಿ ಸೊಸೆಯ ತೊಡೆ ಸಂದಿನ ಗುಳ್ಳೆಗಳನ್ನು ಅತ್ತೆ ಕಂಡಳಂತೆ. ಹುಡುಗಿಗೆ ಕೆಟ್ಟ ಕಾಯಿಲೆ ಇದೆ, ಬಂದು ಕರೆದುಕೊಂಡು ಹೋಗಿ ಅಂದಳಂತೆ. ಕಲೀಮುಲ್ಲಾ ತಲೆಮೇಲೆ ಕೈಹೊತ್ತು ಕುಳಿತ. ಮಗಳು ಹಾಗೆ ವಾಪಸು ಬಂದರೆ ಅವಳ ಬಾಳು ಅಲ್ಲಿಗೆ ಮುಗಿದಂತೆ. ಖುರ್ಷಿದ್‌ಗೆ ಮೈಯೆಲ್ಲ ಉರಿಯಿತು. ಬುರ್ಖಾ ಹಾಕಿಕೊಂಡು ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡಿಸುತ್ತಿದ್ದ ಬಸ್ಸು ಹತ್ತಿದಳು. ಆ ದರಿದ್ರ ಬಸ್ಸು ಏರು ಬಂದಲ್ಲೆಲ್ಲ ನಿಂತು ಅವಳ ಸಿಟ್ಟನ್ನು ಇನ್ನಷ್ಟು ಕಾಯಿಸಿತು.

"ಎಲ್ಲಿ ನನ್ನ ಹುಡುಗಿ?" ಎಂದಳು ಕಮರ್ ಜಹಾನಳ ಹೊಸ್ತಿಲು ದಾಟುತ್ತಲೇ.

"ಹಿಂದಿನ ಕೋಣೇಲಿ. ಅವಳ ತಟ್ಟೆ ಲೋಟ ಎಲ್ಲಾ ಬೇರೆ ಇಟ್ಟಿದೀನಿ," ಎಂದಳು ಕಮರ್ ಜಹಾನ್.

"ತಟ್ಟೆ ಬೇರೆ ಇಟ್ರಾ? ಥೂ! ಒಂದು ದೀಪ ಹಚ್ಚಿ, ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ. ನೀವೂ ಒಳಗೆ ಬನ್ನಿ, ಕಣ್ಣಾರೆ ನೋಡಿ."

ಅತ್ತು ಅತ್ತು ಜಾಹಿದಾಳ ಮುಖ ಊದಿತ್ತು. "ಖಾಲಾ, ನಾನೇನೂ ತಪ್ಪು ಮಾಡಿಲ್ಲ," ಎಂದಳು.

"ಗೊತ್ತು ಕಣಮ್ಮ. ಮಲಕ್ಕೋ."

ಬಿಸಿ ಬಟ್ಟೆ ಒತ್ತಿ ಚರ್ಮ ಮೆತ್ತಗಾದ ಮೇಲೆ, ಖುರ್ಷಿದ್ ದೀಪದ ಉರಿಗೆ ಸೂಜಿ ಹಿಡಿದು ಆರಿಸಿ, ಗುಳ್ಳೆಯ ನೆತ್ತಿಯನ್ನು ಮೆಲ್ಲಗೆ ಬಿಡಿಸಿದಳು. ಸುರುಳಿ ಸುತ್ತಿದ್ದ ಕೂದಲೊಂದು ಎದ್ದು ಬಂತು. ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಅತ್ತೆಯ ಮೂಗಿನ ಹತ್ತಿರ ಹಿಡಿದಳು.

"ಇದೇ ನಿಮ್ಮ ಕೆಟ್ಟ ಕಾಯಿಲೆ! ತಿಕ್ಕಿದ್ದು ನೀವು, ಬಿಗಿ ಪೈಜಾಮ ತೊಡಿಸಿದ್ದು ನೀವು. ಹೆಸರು ಕೆಟ್ಟಿದ್ದು ಇವಳದ್ದು!"

ಕಮರ್ ಜಹಾನ್ ಆ ಕೂದಲನ್ನೇ ನೋಡಿದಳು. ಸೊಸೆಯನ್ನು ಅಡುಗೆಮನೆಗೆ ಕಳಿಸಿ, ಬಾಗಿಲಿನ ಚಿಲಕ ಹಾಕಿ, ನೆಲದ ಮೇಲೆ ಕುಸಿದಳು.

"ನಂಗೂ ಈ ಗುಳ್ಳೆ ಇದಾವೆ, ಖುರ್ಷಿದ್ ಬೀ. ಮದುವೆಯಾದಾಗ್ಲಿಂದ. ಹೋಗ್ತವೆ, ಬರ್ತವೆ."

ಖುರ್ಷಿದ್ ಸೂಜಿ ಕೆಳಗಿಟ್ಟು ಅವಳ ಎದುರು ಕುಳಿತಳು.

"ನಮ್ಮ ಯಜಮಾನ್ರೇ ಎಲ್ಲಿಂದಲೋ ಅಂಟಿಸ್ಕೊಂಡು ಬಂದು ನಂಗೆ ಕೊಟ್ರು ಅಂದ್ಕೊಂಡಿದ್ದೆ. ಯಾರನ್ನ ಕೇಳ್ಲಿ? ಅವರು ಸಾಯೋ ದಿನ ಕೈ ಹಿಡ್ಕೊಳ್ಳೋಕೆ ಬಂದ್ರು, ಕೊಡ್ಲಿಲ್ಲ. ಜಾಫರ್‌ಗೂ ಇದೇ ಗತಿ ಆಗ್ಬಾರ್ದು ಅಂತ..."

ಖುರ್ಷಿದ್‌ಗೆ ಅಯ್ಯೋ ಪಾಪ ಅನ್ನಿಸಿತು. ಸಿಟ್ಟೇನೂ ಇಳಿಯಲಿಲ್ಲ. ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಮಾತ್ರ ತಿಳಿಯಲಿಲ್ಲ. ಈ ಹೆಂಗಸಿನ ಮೇಲೋ, ಇವಳನ್ನೂ ಹೀಗೇ ತಿಕ್ಕಿದ ಇವಳತ್ತೆಯ ಮೇಲೋ?

"ಮೊದ್ಲು ಆ ಹುಡುಗೀನ ಕರೆದು ತಪ್ಪಾಯ್ತು ಅನ್ನಿ," ಎಂದಳು. "ನಿಮ್ಮ ತಟ್ಟೇಲೇ ಅನ್ನ ಹಾಕಿ. ಆಮೇಲೆ ನಿಮ್ದು ನೋಡ್ತೀನಿ."

ಕಮರ್ ಜಹಾನ್ ಗೋಡೆ ಹಿಡಿದು ಎದ್ದು ಚಿಲಕ ತೆಗೆದಳು. "ಜಾಹಿದಾ, ಬಾ ಮಗಳೇ," ಎಂದು ಅವಳು ಕರೆಯುವುದು ಕೇಳಿಸಿತು. ಖುರ್ಷಿದ್ ಸೂಜಿಯನ್ನು ಮತ್ತೆ ಉರಿಗೆ ಹಿಡಿದಳು.