ಸಾಫ್ಟ್‌ವೇರಿಗೂ ಸಾಲಾವಳಿ

ಕೋತಾಗೆಡೆ ಎಂಬ ಊರಿನ ಬೆಳ್ಳಿ ಕೆಲಸದವರಿಗೆ ಒಂದು ವೆಬ್‌ಸೈಟ್ ಇದೆಯೆಂದರೆ ಅದು ಪೂರಾ ವುರ್ಯಾನಿಯ ತಪ್ಪು. ಹದಿನಾಲ್ಕು ವರ್ಷದ ಹಿಂದೆ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಈ ಹೆಂಗಸು, ಯಾರೂ ಕೇಳದೆ, ಸಂಘದ ಹದಿನೆಂಟು ಮನೆಯವರ ಟೀಪಾಟು, ಬಟ್ಟಲುಗಳ ಫೋಟೋ ಹಾಕಿ ಒಂದು ಪುಟ ಕಟ್ಟಿದಳು. ಸಾದಾ ಅಕ್ಷರ ಮಾತ್ರ ಟೈಪಾಗುವ ಖಾಲಿ ಹಾಳೆಯಂಥ ಸಾಫ್ಟ್‌ವೇರಿನಲ್ಲಿ ಒಂದೊಂದು ಸಂಕೇತವನ್ನೂ ಕೈಯಾರೆ ಬರೆದಳು. ಆ ಸಂಕೇತಗಳ ಗುಟ್ಟು ಊರಲ್ಲಿ ಆಕೆಯೊಬ್ಬಳಿಗೇ ಗೊತ್ತು. ಅದೊಂದು ದೊಡ್ಡಸ್ತಿಕೆ ಎಂದು ಮೊದಲ ಆರು ತಿಂಗಳು ನಂಬಿದ್ದಳು, ಪಾಪ.

ಆಮೇಲೆ ಆಕೆಯ ಸಂಜೆಗಳೆಲ್ಲ ಊರಿನ ಪಾಲಾದವು. ಸಂಜೆಯ ನಮಾಜು ಮುಗಿಯುವುದೇ ತಡ, ಸರೋಂಗ್ ಉಟ್ಟ ಯಾರಾದರೊಬ್ಬರು ಜಗಲಿಯಲ್ಲಿ ಹಾಜರು. ಕರಿದ ಸೋಯಾಕಾಳಿನ ತೆಂಪೆ ತಿಂದು, ಮೂರು ಲೋಟ ಸಿಹಿ ಚಹಾ ಕುಡಿದು, ಬಿಸಿಲಿನ ಸುದ್ದಿ ಆಡಿ, ಏಳುವಾಗ ಮಾತ್ರ ಬಾಯಿಬಿಡುವರು: "ಅಂದ ಹಾಗೆ ವುರ್ಯಾನಿ ಅಮ್ಮ, ಪುಟದಲ್ಲಿ ನನ್ನ ಟೀಪಾಟು ಮುಜಿಲಾನ್‌ದಕ್ಕಿಂತ ಸ್ವಲ್ಪ ಕೆಳಗಿದೆಯಲ್ಲ..."

ಈ ಊರಲ್ಲಿ "ಆಗಲ್ಲ" ಎಂದವರನ್ನು ಯಾರೂ ಕಂಡಿಲ್ಲ. ಎಲ್ಲದಕ್ಕೂ "ಆಗ್ಲಿ" ಅನ್ನುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ವುರ್ಯಾನಿಯ ದುರದೃಷ್ಟವೆಂದರೆ ಆಕೆ "ಆಗ್ಲಿ" ಎಂದರೆ ಆಗಿಯೇಬಿಡುತ್ತಿತ್ತು.

ಹೀಗಿರುವಾಗ ಹೆಂಗಸರ ಗಮೆಲಾನ್ ವಾದ್ಯಮೇಳದ ಮುಖ್ಯಸ್ಥೆ ರುಬಿಯೆಮ್ ಬಂದು ಖಡಾಖಂಡಿತವಾಗಿ ಹೇಳಿದಳು: "ನೋಡು, ಬರೋ ತಿಂಗಳು ಕಚೇರಿ ಇದೆ. ಸೋಮವಾರದಿಂದ ದಿನಾ ಸಂಜೆ ಬಂದ್ರೆ ಸಾರೋನ್ ನಿಂದು. ಇಲ್ದಿದ್ರೆ ನಮ್ಮ ಪಕ್ಕದ್ಮನೆ ಸೊಸೆ ಕೈ ತುರಿಸ್ಕೊಂಡು ಕೂತಿದ್ದಾಳೆ."

ಸಾರೋನ್ ಎಂದರೆ ಸುತ್ತಿಗೆಯಿಂದ ಬಾರಿಸುವ ಕಂಚಿನ ಪಟ್ಟಿಗಳ ವಾದ್ಯ. ವುರ್ಯಾನಿ ಅದನ್ನು ಹನ್ನೆರಡನೇ ವಯಸ್ಸಿನಿಂದ ಬಾರಿಸುತ್ತಿದ್ದವಳು, ಟೀಪಾಟುಗಳ ಕಾಟಕ್ಕೆ ಬಿಟ್ಟವಳು. ಆ ಜಾಗವೂ ಹೋದರೆ ತನ್ನದೆಂದು ಇನ್ನೇನಿದೆ?

ಮರುದಿನವೇ ಸಂಘದ ಸಭೆಯಲ್ಲಿ ಎದ್ದು ನಿಂತಳು. "ಹೊಸದೊಂದು ಬಂದಿದೆ. ಫೋಟೋನ ಬೆರಳಲ್ಲಿ ಎಳೆದು ಬೇಕಾದ ಕಡೆ ಇಟ್ರಾಯ್ತು. ನಿಮ್ಮ ನಿಮ್ಮ ಟೀಪಾಟು ನೀವೇ ಎತ್ತಿಟ್ಕೋಬಹುದು."

"ನೀನಿರೋವಾಗ ನಮಗ್ಯಾಕಮ್ಮ ಆ ಉಸಾಬರಿ?" ಎಂದ ಅಧ್ಯಕ್ಷ ಮುಜಿಲಾನ್. ಅವನ ಅಳಿಯ ಹೇಳಿದ್ದ ಇನ್ನೊಂದು ಸಾಫ್ಟ್‌ವೇರಿನ ಮಾತೂ ಬಂತು. ಹಳೆಯದು, ಹೊಸದು, ಅಳಿಯನದು, ಮೂರಕ್ಕೂ ಎಲ್ಲರೂ "ಆಗ್ಲಿ" ಎಂದರು.

ಕೊನೆಗೆ ಬಾಯಿ ತೆರೆದವನು ಕಾರ್ತಿಜೊ ಅಜ್ಜ. ಎಪ್ಪತ್ತೆಂಟರ ಈ ಅಜ್ಜ ಲೆಕ್ಕ ಹಾಕದೆ ಊರಲ್ಲಿ ಮದುವೆಯಿಲ್ಲ, ಮನೆಗೆ ತಳಪಾಯವಿಲ್ಲ. "ಮೊದ್ಲು ಕೂಡಿ ಬರುತ್ತಾ ನೋಡೋಣ. ಮೂರರದ್ದೂ ಹುಟ್ಟಿದ ದಿನ ತಗೊಂಡ್ಬಾ."

ಭಾನುವಾರ ಮತ್ತೆ ಸೇರಿದರು. ಏಳು ದಿನದ ವಾರಕ್ಕೊಂದು ಅಂಕಿ, ಐದು ದಿನದ ಸಂತೆವಾರಕ್ಕೊಂದು ಅಂಕಿ, ಇಬ್ಬರದೂ ಕೂಡಿಸಿ ಎಂಟೆಂಟಾಗಿ ಕಳೆದರೆ ಉಳಿದದ್ದೇ ಹಣೆಬರಹ. ವುರ್ಯಾನಿಯದು ಹದಿನಾಲ್ಕು. ಅಳಿಯನ ಸಾಫ್ಟ್‌ವೇರಿಗೆ ಅದನ್ನು ಕೂಡಿಸಿದರೆ ಇಪ್ಪತ್ತೆರಡು ಬಂತು, ಉಳಿದದ್ದು ಆರು. "ದಿನಾ ಜಗಳ," ಎಂದ ಅಜ್ಜ. ಹಳೆಯ ಖಾಲಿ ಹಾಳೆಗೆ ಇಪ್ಪತ್ನಾಲ್ಕು. "ಆಹಾ! ಸಾಯೋತನಕ ಜೊತೆ!"

ಎಲ್ಲರ ಮುಖ ಅರಳಿತು. ವುರ್ಯಾನಿ ಬೇಗಬೇಗ ಮೂರನೆಯದರ ಚೀಟಿ ಮುಂದಿಟ್ಟಳು.

ಮೂರನೆಯದು, ಬೆರಳಲ್ಲಿ ಎಳೆಯುವ ಹೊಸದು, ಹುಟ್ಟಿದ್ದು ಶುಕ್ರವಾರ, ಲೆಗಿ ಸಂತೆಯ ದಿನ. ಆರು, ಐದು, ಕೂಡಿ ಹನ್ನೊಂದು. ಅಜ್ಜನ ಹೆಬ್ಬೆರಳು ಬೆರಳಿನ ಗೆಣ್ಣಿನ ಮೇಲೇ ನಿಂತಿತು. "ಇಪ್ಪತ್ತೈದು, ಒಂದೇ ಉಳೀತು. ಇದು ಬ್ಯಾಡಮ್ಮ. ನೀವಿಬ್ರೂ ಬೇರೆ ಆಗ್ತೀರಿ."

"ಹೌದಾ ಅಜ್ಜ?" ವುರ್ಯಾನಿ ಮುಖ ಸಪ್ಪಗೆ ಮಾಡಿಕೊಂಡಳು. "ಆದ್ರೆ ಅದರ ಜೊತೆ ಬಾಳೋಳು ನಾನಲ್ಲವಲ್ಲ. ಮುಟ್ಟೋರು ನೀವು. ಅಧ್ಯಕ್ಷರ ದಿನ ಹಾಕಿ ನೋಡಿ."

ಮುಜಿಲಾನ್‌ದು ಶನಿವಾರದ ಹದಿನಾರು. ಕೂಡಿದರೆ ಇಪ್ಪತ್ತೇಳು.

"ಅಬ್ಬಬ್ಬ! ಹೇಳಿ ಮಾಡಿಸಿದ ಜೋಡಿ!"

"ನನ್ನ ಹೆಂಡ್ತಿ ಜೊತೆಗೂ ಇಷ್ಟು ಚೆನ್ನಾಗಿ ಬಂದಿರ್ಲಿಲ್ಲ," ಎಂದ ಮುಜಿಲಾನ್, ಮದುಮಗನ ಹಾಗೆ ನಾಚಿಕೊಂಡು.

"ಆದ್ರೆ ಹಳೇದೂ ಸಾಯೋತನಕ ಅಂತ ಬಂತಲ್ಲ?" ಎಂದು ಹಿಂದಿನಿಂದ ಒಬ್ಬ ಗೊಣಗಿದ.

"ಬಂತು. ಯಾರು ಸಾಯೋತನಕ?" ವುರ್ಯಾನಿ ಕೇಳಿದಳು. "ನಂಗೆ ಸಕ್ಕರೆ ಕಾಯಿಲೆ. ನಾಳೆ ನಾನು ಹೋದ್ರೆ ನಿಮ್ಮ ಟೀಪಾಟು ಎಲ್ಲಿದೆಯೋ ಅಲ್ಲೇ."

ಗೊಣಗಿದವನ ಟೀಪಾಟು ಪುಟದಲ್ಲಿ ಎಲ್ಲರಿಗಿಂತ ಕೆಳಗಿತ್ತು. ಹೊಸದಕ್ಕೆ ಮೊದಲು ಕೈ ಎತ್ತಿದವನೂ ಅವನೇ. ಹೊಸದೇ ಖಾಯಂ ಆಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಮನುಷ್ಯ ಒಂದು ಸಲ ಹುಟ್ಟುತ್ತಾನೆ. ಸಾಫ್ಟ್‌ವೇರ್ ಹಾಗಲ್ಲ, ನಾಲ್ಕಾರು ತಿಂಗಳಿಗೊಮ್ಮೆ ಹೊಸ ಆವೃತ್ತಿಯಾಗಿ ಮತ್ತೆ ಹುಟ್ಟುತ್ತದೆ. ಆ ವಾರವೆಲ್ಲ ವುರ್ಯಾನಿ ಅಡುಗೆಮನೆಯಲ್ಲಿ ಕ್ಯಾಲೆಂಡರ್ ಹಿಡಿದು ಹೊಸದರ ಹತ್ತೊಂಬತ್ತು ಹುಟ್ಟುಗಳನ್ನೂ ತಡಕಿದ್ದಳು. ಏಳನೆಯದರಲ್ಲಿ ತನಗೆ ಬಿಡುಗಡೆಯ ಇಪ್ಪತ್ತೈದು, ಅಧ್ಯಕ್ಷನಿಗೆ ಇಪ್ಪತ್ತೇಳು ಸಿಕ್ಕಿದಾಗ ಅನ್ನ ತಳಹಿಡಿದದ್ದೂ ಗೊತ್ತಾಗಲಿಲ್ಲ.

ಸೋಮವಾರ ಸಂಜೆ ಆಕೆ ಸಾರೋನಿನ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಳು. ಬೀದಿಯಾಚೆಯ ಸಂಘದ ಮನೆಯಲ್ಲಿ ಹದಿನೆಂಟು ಜನ ಹದಿನೆಂಟು ಟೀಪಾಟುಗಳನ್ನು ಒಂದೇ ಜಾಗಕ್ಕೆ ಎಳೆಯುವ ಗಲಾಟೆ ಇಲ್ಲಿಗೂ ಕೇಳುತ್ತಿತ್ತು. ಅಷ್ಟರಲ್ಲಿ ಕಾರ್ತಿಜೊ ಅಜ್ಜ ಫೋನು ಹಿಡಿದು ಬಂದು ಚಾಪೆಯ ಅಂಚಿನಲ್ಲಿ ಕುಳಿತ.

"ನನ್ನ ಟೀಪಾಟು ತಲೆಕೆಳಗಾಗಿದೆ. ಒಂಚೂರು ನೋಡ್ತೀಯಾ?"

ಎಲ್ಲಿ ತಪ್ಪಾಗಿದೆಯೆಂದು ಒಂದೇ ನೋಟಕ್ಕೆ ತಿಳಿಯಿತು. ಬೆರಳುಗಳು ಚಡಪಡಿಸಿದವು.

"ಆಗ್ಲಿ ಅಜ್ಜ," ಎಂದಳು, ಊರಿನವರೆಲ್ಲ ಹೇಳುವ ಹಾಗೇ, ಮತ್ತು ಸುತ್ತಿಗೆ ಎತ್ತಿಕೊಂಡಳು.

ಅಜ್ಜ ಫೋನನ್ನು ಜೇಬಿಗಿಳಿಸಿದ. ಎರಡು ಆವರ್ತ ಕೇಳಿ, ಮೆಲ್ಲಗೆ ಅಂದ: "ನಮ್ಮ ಮೊಮ್ಮಗಳು ಹೇಳಿದ್ಲು. ಅದು ಹತ್ತೊಂಬತ್ತು ಸಲ ಹುಟ್ಟಿದೆಯಂತೆ."

ವುರ್ಯಾನಿಯ ಪೆಟ್ಟು ತಪ್ಪಿತು. ರುಬಿಯೆಮ್ ದುರುಗುಟ್ಟಿ ನೋಡಿದಳು.

"ನಂಗೂ ನಮ್ಮೋಳಿಗೂ ಇಪ್ಪತ್ತೈದೇ ಬರ್ತಿತ್ತು," ಎಂದ ಅಜ್ಜ. "ಮದುವೆಗೆ ಲೆಕ್ಕ ಬರೆಸೋವಾಗ ನಾನು ಹುಟ್ಟಿದ ದಿನಾನ ಒಂದಿನ ಮುಂದಕ್ಕೆ ಹಾಕ್ದೆ. ಐವತ್ತೊಂದು ವರ್ಷ ಬಾಳಿದ್ವಿ. ಬಾರ್ಸು, ನೀನು ಬಾರ್ಸು."