ಮೂರು ನಿಮಿಷದ ಸಂದು

ಹಸಿಂತೊ ಕೋಲ್ಕೆ ಅಂದರೆ ಸಾಕು, ನಮ್ಮ ಗಣಿಯೂರು ಒರೂರೊದಲ್ಲಿ ಅರ್ಧ ಊರು ಈಗಲೂ ಮೂಗು ಮುರಿಯುತ್ತದೆ. ಕಲ್ಲೆದೆಯವನು, ಕಟ್ಟಿಕೊಂಡ ಹೆಂಡತಿಯನ್ನೇ ಮೆರವಣಿಗೆಯಿಂದ ಹೊರಗೆ ಹಾಕಿದವನು ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಒಬ್ಬರಾದರೂ ಕಾರ್ನಿವಲ್ ಶನಿವಾರದ ದಿನ ಬೇಕರಿ ಮೂಲೆಯಲ್ಲಿ ಸೀಟಿ ಹಿಡಿದು ನಿಂತವರಲ್ಲ. ನಾನು ನಿಂತಿದ್ದೇನೆ. ಹನ್ನೊಂದು ವರ್ಷ ಅವರ ಪಕ್ಕದಲ್ಲಿ, ಆಮೇಲೆ ಅವರ ಜಾಗದಲ್ಲೇ. ಅವರ ವಿಷಯ ಹೇಳುವ ಹಕ್ಕು ನನಗಿದೆ. ಕೇಳಲು ಮನಸ್ಸಿಲ್ಲದವರು ಎದ್ದು ಹೋಗಲಿ.

ದೋನ್ ಹಸಿಂತೊ, ನಾವು ಮರ್ಯಾದೆಯಿಂದ ಕರೆಯುತ್ತಿದ್ದದ್ದು ಹಾಗೆ, ರೈಲ್ವೆ ಯಾರ್ಡಿನಲ್ಲಿ ಬೋಗಿ ಜೋಡಿಸುತ್ತಿದ್ದವರು. ಮೂವತ್ತೊಂದು ವರ್ಷ ಆ ಮೂಲೆಯಲ್ಲಿ ಮೆರವಣಿಗೆಯ ಸಾಲು ಕಾಯುವ ಕೆಲಸ ಅವರದು. ಮೆರವಣಿಗೆ ಇರುವುದು ಫೆಬ್ರವರಿಯಲ್ಲಾದರೂ ಅವರ ಕೆಲಸ ನವೆಂಬರಿನಲ್ಲೇ ಶುರುವಾಗುತ್ತಿತ್ತು. ಅಳತೆ ಟೇಪು, ಸೀಮೆಸುಣ್ಣ ಹಿಡಿದು ನಾಲ್ಕು ಕಿಲೋಮೀಟರ್ ದಾರಿಯನ್ನು ನಡೆದು, ಜನ ಕೂರುವ ಅಟ್ಟಣಿಗೆಯ ಹಲಗೆ ಎಲ್ಲಿ ರಸ್ತೆಗೆ ಚಾಚುತ್ತದೆ, ಆಂಬುಲೆನ್ಸು ಎಲ್ಲಿಂದ ನುಗ್ಗಬಹುದು, ಕಹಳೆ ತಂಡದವರು ನೀರು ಕುಡಿಯಲು ಎಲ್ಲಿ ನಿಂತುಬಿಡುತ್ತಾರೆ ಎಂದೆಲ್ಲ ಗುರುತು ಹಾಕುತ್ತಿದ್ದರು. ಐವತ್ತು ತಂಡ, ಸಾವಿರಾರು ಕುಣಿತದವರು, ಒಂದೇ ದಾರಿ. ಬೇಕರಿ ಮೂಲೆಯಲ್ಲಿ ಆ ದಾರಿ ತಿರುಗಿ ಗಣಿಯವರನ್ನು ಕಾಯುವ ದೇವಮಾತೆ, ನಮ್ಮ ಗಣಿಮಾತೆಯ ಇಗರ್ಜಿಯ ಕಡೆಗೆ ಏರುತ್ತದೆ. ಅಲ್ಲಿ ಎಲ್ಲರ ಉಸಿರೂ ಕಟ್ಟುತ್ತದೆ, ಸಾಲು ಹರಿಯುತ್ತದೆ. ಹಾಗೆ ಬೀಳುವ ಖಾಲಿ ಜಾಗಕ್ಕೆ ನಾವು ಸಂದು ಎನ್ನುತ್ತೇವೆ.

ನನ್ನನ್ನು ಅವರು ಆರಿಸಿಕೊಂಡದ್ದೂ ಒಂದು ಕತೆ. ಮಾರುಕಟ್ಟೆಯಲ್ಲಿ ನನ್ನದು ಅಪಿ ಅಂಗಡಿ. ಕೆನ್ನೀಲಿ ಜೋಳ ಕುದಿಸಿ ಮಾಡುವ ಆ ಬಿಸಿ ಪಾನೀಯಕ್ಕೆ ಬೆಳಗ್ಗೆ ಆರಕ್ಕೇ ಜನ ಸಾಲು ನಿಲ್ಲುತ್ತಾರೆ. ಒಂದು ದಿನ ಕೋಟು ಹಾಕಿದ ದೊಡ್ಡ ಮನುಷ್ಯನೊಬ್ಬ ಸಾಲು ಮುರಿದು ಮುಂದೆ ಬಂದ. ನಾನು ಸೌಟು ಎತ್ತಿ ಅವನ ಏಳು ತಲೆಮಾರು ನೆನೆದು ಹಿಂದಕ್ಕೆ ಕಳಿಸಿದೆ. ಸಾಲಿನ ಕೊನೆಯಲ್ಲಿ ನಿಂತಿದ್ದ ದೋನ್ ಹಸಿಂತೊ ತಮ್ಮ ಸರದಿ ಬಂದಾಗ, ಈ ಬಾಯಿ ನನಗೆ ಮೂಲೆಯಲ್ಲಿ ಬೇಕು ಎಂದರು. ಅಷ್ಟೇ, ನೇಮಕಾತಿ ಮುಗಿಯಿತು.

ನಿಯಮ ಒಂದೇ. ಸಂದು ಮೂರು ನಿಮಿಷ ದಾಟಿದರೆ ಓಡಿ ಅದನ್ನು ಮುಚ್ಚಲಾಗದವರು ಪಕ್ಕದ ಗಲ್ಲಿಗೆ ಹೋಗಬೇಕು. ಅವರು ಯಾರೇ ಆಗಿರಲಿ. ಮುಂದೆ ಗೋಡೆ ಅಡ್ಡ ಇರುವ ಗಲ್ಲಿ ಅದು. ಒಳಗೆ ಹೋದವರಿಗೆ ಆ ವರ್ಷದ ಕುಣಿತ ಅಲ್ಲಿಗೇ ಮುಗಿಯಿತು. ಕ್ರೂರ ಅನ್ನುತ್ತೀರಿ. ದೋನ್ ಹಸಿಂತೊ ಮೂಲೆಗೆ ಬಂದ ಎರಡನೇ ವರ್ಷ ಯಾರಿಗೋ ಅಯ್ಯೋ ಪಾಪ ಅಂದು ಸಂದು ಬಿಟ್ಟಿದ್ದರು. ರಸ್ತೆ ಖಾಲಿ ಕಂಡ ಜನ ಅಟ್ಟಣಿಗೆಯಿಂದ ಇಳಿದರು. ಹಿಂದಿನ ತಂಡ ನುಗ್ಗಿ ಬಂತು. ನಡುವೆ ಸಿಕ್ಕ ಒಂದು ಹೆಣ್ಣುಮಗು ಆಮೇಲೆ ನೆಟ್ಟಗೆ ನಡೆಯಲಿಲ್ಲ. ಪ್ರತಿ ಈಸ್ಟರಿಗೂ ದೋನ್ ಹಸಿಂತೊ ಆ ಮನೆಗೆ ಬ್ರೆಡ್ಡು ಕೊಂಡು ಹೋಗುತ್ತಿದ್ದರು. ಅಂದಿನಿಂದ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಗಡಿಯಾರ ಮಾತ್ರ ನೋಡುತ್ತಿದ್ದರು.

ಈಗ ದೋನ್ಯಾ ಬಸೀಲಿಯಾ ವಿಷಯಕ್ಕೆ ಬರುತ್ತೇನೆ. ಅವರ ಹೆಂಡತಿ. ಮೆತ್ತಗಿನ ಹೆಂಗಸು, ಆದರೆ ಗಂಡನನ್ನು ಚುಚ್ಚುವುದರಲ್ಲಿ ಎತ್ತಿದ ಕೈ. ನಮ್ಮೆಜಮಾನರು ನನಗೂ ಸೀಟಿ ಊದಿಯೇ ಊಟಕ್ಕೆ ಕರೆಯೋದು ಎಂದು ನನ್ನ ಅಂಗಡಿಯಲ್ಲಿ ಕೂತು ನಗಿಸುತ್ತಿದ್ದರು. ಒಂದು ಚಳಿಗಾಲದಲ್ಲಿ ದೋನ್ ಹಸಿಂತೊಗೆ ನ್ಯುಮೋನಿಯಾ ಆಗಿ ಡಾಕ್ಟರು ಕೈಬಿಟ್ಟ ಹಾಗೇ ಆಯಿತು. ಬಸೀಲಿಯಾ ಗಣಿಮಾತೆಗೆ ಹರಕೆ ಹೊತ್ತರು. ಇವರು ಬದುಕಿದರೆ ಮೂರು ವರ್ಷ ಮೊರೆನಾದಾ ಎಂಬ ವೇಷದ ಕುಣಿತದ ತಂಡದಲ್ಲಿ ಕುಣಿದು, ಇಗರ್ಜಿಯೊಳಗೆ ಮಂಡಿಯಲ್ಲಿ ನಡೆದು ಬರುತ್ತೇನೆ ಎಂದು. ನಮ್ಮಲ್ಲಿ ಹರಕೆ ಎಂದರೆ ಮೂರು ವರ್ಷ. ಎರಡಕ್ಕೆ ನಿಂತರೆ ಅದು ಹರಕೆ ಅಲ್ಲ, ಬಾಕಿ. ಅವರು ಬದುಕಿದರು. ಈಕೆ ಎರಡು ವರ್ಷ ಕುಣಿದರು.

ಮೂರನೇ ವರ್ಷ ಬಸೀಲಿಯಾ ಇದ್ದದ್ದು ತಂಡದ ಕೊನೆಯ ಸಾಲಿನಲ್ಲಿ, ಹತ್ತು ಹೆಂಗಸರಲ್ಲಿ ಒಬ್ಬರಾಗಿ. ಬೆಳಗಿನ ಹನ್ನೊಂದು ಗಂಟೆ. ತಿರುವಿಗೆ ಬರುವಷ್ಟರಲ್ಲಿ ಆಕೆಯ ತುಟಿ ನೀಲಿಗಟ್ಟಿತ್ತು, ಕಾಲು ಎಳೆಯುತ್ತಿತ್ತು. ಮಿಕ್ಕ ಒಂಬತ್ತು ಜನ ಆಕೆಗಾಗಿ ನಿಧಾನ ಮಾಡಿದರು. ಸಂದು ಬಿತ್ತು, ಮೂರು ನಿಮಿಷ ದಾಟಿತು. ನಾನು ದೋನ್ ಹಸಿಂತೊರ ಮುಖ ನೋಡಿದೆ. ಆಕೆಯೂ ಅವರ ಮುಖ ನೋಡಿದರು. ಅವರು ಗಡಿಯಾರ ನೋಡಿ, ಅಂಗೈಯನ್ನು ಗಲ್ಲಿಯ ಕಡೆ ಚಾಚಿದರು.

"ಒಂಬತ್ತು ಜನ ಓಡಿ. ಬಸೀಲಿಯಾ, ನೀನು ಪಕ್ಕಕ್ಕೆ."

ಅವರ ದನಿ ನಡುಗಲಿಲ್ಲ. ನನಗೆ ಬಂದ ಸಿಟ್ಟಿಗೆ ಸೀಟಿಯನ್ನು ಕಿತ್ತು ಅವರ ತಲೆಗೆ ಎಸೆಯೋಣ ಅನ್ನಿಸಿತು. ನಾನೇ ಬಸೀಲಿಯಾರ ರಟ್ಟೆ ಹಿಡಿದು ಗಲ್ಲಿಗೆ ಕರೆದೊಯ್ದೆ, ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿ ವಾಪಸು ಬಂದೆ.

ಆಕೆಯ ಹೃದಯ ಊದಿಕೊಂಡಿದೆ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರಂತೆ. ಗಂಡನಿಗೆ ಹೇಳಿದರೆ ಕುಣಿಯಲು ಬಿಡುವುದಿಲ್ಲ ಎಂದು ಮುಚ್ಚಿಟ್ಟಿದ್ದರು. ಜುಲೈನಲ್ಲಿ ತೀರಿಕೊಂಡರು. ಮಣ್ಣಿನ ದಿನ ಜನ ದೋನ್ ಹಸಿಂತೊರ ಕೈ ಕುಲುಕಿದರು, ಬೆನ್ನ ಹಿಂದೆ ಆಡಿಕೊಂಡರು. ನಾನೂ ಆಡಿಕೊಂಡೆ, ಸುಳ್ಳೇಕೆ ಹೇಳಲಿ.

ಸತ್ತವರ ಹರಕೆಯ ವರ್ಷವನ್ನು ಮನೆಯವರು ಕುಣಿದು ತೀರಿಸಬಹುದು. ಅವರಿಗೆ ಮಕ್ಕಳಿಲ್ಲ. ಆಗಸ್ಟಿನಲ್ಲಿ ದೋನ್ ಹಸಿಂತೊ ಅಂಗಡಿಗೆ ಬಂದು ಗಡಿಯಾರವನ್ನೂ ಸೀಟಿಯನ್ನೂ ನನ್ನ ಮುಂದಿಟ್ಟು, ಮೂಲೆ ಇನ್ನು ನಿನ್ನದು, ನಾನು ಅವಳ ವರ್ಷ ಕುಣಿಯಬೇಕು ಎಂದರು. ಅರವತ್ತೇಳು ವರ್ಷ, ನ್ಯುಮೋನಿಯಾ ತಿಂದು ಬಿಟ್ಟ ಶ್ವಾಸಕೋಶ, ಜೀವಮಾನದಲ್ಲಿ ಮದುವೆ ಮನೆಯಲ್ಲೂ ಹೆಜ್ಜೆ ಹಾಕಿದವರಲ್ಲ. ಭಾನುವಾರದ ಅಭ್ಯಾಸಕ್ಕೆ ಹೋದರೆ ಕಲ್ಲಿಗೂ ಕಾಲು ಬಂತು ನೋಡಿ ಎಂದು ತಂಡದವರು ನಗುತ್ತಿದ್ದರು. ಅವರು ತಲೆ ತಗ್ಗಿಸಿ ಎಡ, ಬಲ ಎಂದು ಎಣಿಸುತ್ತಾ ಕಲಿತರು. ಆರು ತಿಂಗಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಆ ಶನಿವಾರ ಬಂತು. ಗಂಡಸರ ವೇಷ ಇಪ್ಪತ್ತು ಕಿಲೋ ಭಾರ, ಮೇಲೆ ಗುಡ್ಡೆಗಣ್ಣಿನ ಮುಖವಾಡ. ಅದರೊಳಗೆ ಎಲ್ಲರೂ ಒಂದೇ ಥರ. ಆದರೆ ಹನ್ನೊಂದು ವರ್ಷ ಪಕ್ಕದಲ್ಲಿ ನಿಂತವಳಿಗೆ ಎಡ ಭುಜ ಇಳಿಸಿ ನಡೆಯುವ ಆ ನಡಿಗೆ ತಿಳಿಯದೇ? ಕೊನೆಯ ಸಾಲಿನಲ್ಲಿದ್ದರು. ತಿರುವಿಗೆ ಮುಂಚೆಯೇ ಸೋತಿದ್ದರು. ಜೊತೆಯ ಒಂಬತ್ತು ಗಂಡಸರು, ಆ ನಗುತ್ತಿದ್ದವರೇ, ಅವರಿಗಾಗಿ ಹೆಜ್ಜೆ ಸಣ್ಣದು ಮಾಡಿದರು.

ಒಂದು ನಿಮಿಷ. ಎರಡು. ಇಗರ್ಜಿಯ ಬಾಗಿಲಿಗೆ ಇನ್ನೂ ಐನೂರು ಹೆಜ್ಜೆ ಇತ್ತು. ನಾನು ಗಡಿಯಾರ ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿದೆ. ಮೇಲಿನ ಮೂಲೆ ಕಾಯುವವನು ವಾಕಿಟಾಕಿಯಲ್ಲಿ, ಜನ ರಸ್ತೆಗೆ ಇಳೀತಿದಾರೆ ರುಫೀನಾ, ಏನು ಮಾಡ್ತಿದೀಯ ಎಂದು ಅರಚುತ್ತಿದ್ದ. ಕೇಳಿಸದವಳ ಹಾಗೆ ಬೇಕರಿಯ ಕಿಟಕಿಯ ಬ್ರೆಡ್ಡು ನೋಡುತ್ತಾ ನಿಂತೆ. ಈ ಮನುಷ್ಯ ಇಗರ್ಜಿಯೊಳಗೆ ಹೋಗಿಬಿಡಲಿ, ನನ್ನನ್ನು ನಾಳೆಯೇ ತೆಗೆದುಹಾಕಲಿ ಎಂದು ಬೇಡಿಕೊಂಡೆ.

ಅವರೇ ನಿಂತರು. ಮುಖವಾಡ ತೆಗೆದು ಮುಂದಿನ ಖಾಲಿ ರಸ್ತೆ ನೋಡಿದರು. ಬಾದಾಮಿ ಮಿಠಾಯಿ ಕೊಳ್ಳಲು ಒಬ್ಬ ತಾಯಿ ಎರಡು ಮಕ್ಕಳನ್ನು ಎಳೆದುಕೊಂಡು ರಸ್ತೆ ದಾಟುತ್ತಿದ್ದಳು. ದೋನ್ ಹಸಿಂತೊ ಅಂಗೈಯನ್ನು ಗಲ್ಲಿಯ ಕಡೆ ಚಾಚಿದರು, ಮೂವತ್ತೊಂದು ವರ್ಷ ಚಾಚಿದ ಹಾಗೆಯೇ.

"ಒಂಬತ್ತು ಜನ ಓಡಿ," ಎಂದರು. ಆಮೇಲೆ ತಾವೇ ಗಲ್ಲಿಗೆ ತಿರುಗಿದರು.

ನಾಲ್ಕು ಗಂಟೆಗೆ ನನ್ನ ಸರದಿ ಮುಗಿಯಿತು. ಫ್ಲಾಸ್ಕಿನಲ್ಲಿ ಅಪಿ ತುಂಬಿಕೊಂಡು ಗಲ್ಲಿಗೆ ಹೋದೆ. ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಮೆಟ್ಟಿಲ ಮೇಲೆ ಕೂತಿದ್ದರು. ಎಷ್ಟು ನಿಮಿಷ ಆಗಿತ್ತು ಎಂದು ಕೇಳಿದರು. ನೋಡಲಿಲ್ಲ ಎಂದೆ.

"ನೋಡಬೇಕಿತ್ತು ರುಫಿ," ಎಂದರು. "ನಮ್ಮ ಹಿಂದೆ ಬರೋರಿಗೂ ಹರಕೆ ಇರುತ್ತೆ."

"ನಿಮ್ಮ ನಿಯಮಕ್ಕೆ ಬೆಂಕಿ ಹಾಕ," ಎಂದೆ. ಅಳು ತಡೆಯಲಾಗಲಿಲ್ಲ. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. ನಾನು ಬಗ್ಗಿಸಿ ಕೊಟ್ಟ ಅಪಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅವತ್ತು ಅವಳು ನನ್ನ ಮುಖ ನೋಡಿದ್ಲು. ನಾನು ಗಡಿಯಾರ ನೋಡ್ದೆ," ಎಂದರು. "ಕಳಿಸಿದ್ದು ತಪ್ಪಲ್ಲ. ಇವತ್ತಾಗಿದ್ರೂ ಕಳಿಸ್ತಿದ್ದೆ. ಒಂದ್ಸಲ ನೋಡಿ ಕಳಿಸಬಹುದಿತ್ತು." ಆಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದರು. "ಇಲ್ಲಿ ಕೂತು ಏನಾದ್ರೂ ಅಂದ್ಲಾ?"

ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆಗ ಹೇಳಿದೆ. ಬಸೀಲಿಯಾ ಆ ಮೆಟ್ಟಿಲ ಮೇಲೆ ಕೂತ ಕೂಡಲೇ ತನ್ನ ಶಾಲು ತೆಗೆದು ನನಗೆ ಕೊಟ್ಟಿದ್ದರು. ಮೂಲೆಯಲ್ಲಿ ಗಾಳಿ ಜೋರಿದೆ, ಅವರ ಎದೆಗೆ ಆಗಿಬರಲ್ಲ, ಹೊದಿಸು ಎಂದಿದ್ದರು. ನಾನು ಓಡಿ ಹೋಗಿ ದೋನ್ ಹಸಿಂತೊರ ಹೆಗಲಿಗೆ ಹೊದಿಸಿದ್ದೆ. ಅವರು ಗಡಿಯಾರದಿಂದ ಕಣ್ಣು ಕೀಳಲಿಲ್ಲ. ಸಂಜೆಯವರೆಗೂ ಹೊದ್ದುಕೊಂಡೇ ಇದ್ದು, ಕೊನೆಗೆ ಮಡಚಿ, ತಗೋ ಮಗಳೇ ನಿನ್ನ ಶಾಲು ಎಂದು ನನ್ನ ಕೈಗೇ ಕೊಟ್ಟಿದ್ದರು. ನಾನು ಬಾಯಿ ಬಿಡಲಿಲ್ಲ. ಅಷ್ಟು ಸಿಟ್ಟಿತ್ತು ನನಗೆ. ಅದನ್ನು ಬಸೀಲಿಯಾಗೆ ಹಿಂದಿರುಗಿಸಿದಾಗ, ಅವರಿಗೆ ಗುರುತೇ ಸಿಗಲಿಲ್ವಾ ಎಂದು ನಕ್ಕಿದ್ದರು. ಆಕೆ ಸ್ವಂತ ಕೈಯಲ್ಲಿ ನೇಯ್ದು ಮಣ್ಣಾಗುವವರೆಗೂ ಹೊದ್ದ ಶಾಲು ಅದು.

ಎಲ್ಲವನ್ನೂ ಹೇಳಿದೆ. ಆಕೆ ನಕ್ಕದ್ದನ್ನೂ ಹೇಳಿಬಿಟ್ಟೆ. ಮುಖ್ಯ ರಸ್ತೆಯಲ್ಲಿ ಕಹಳೆಗಳು ಮೊಳಗುತ್ತಲೇ ಇದ್ದವು, ತಂಡದ ಹಿಂದೆ ತಂಡ ಹೋಗುತ್ತಿತ್ತು. ದೋನ್ ಹಸಿಂತೊ ಲೋಟ ಕೆಳಗಿಟ್ಟು ತಮ್ಮ ಎರಡೂ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಯಾವ ಬಣ್ಣದ್ದು ರುಫಿ, ಆ ಶಾಲು?" ಎಂದರು.

ಕಂದು ಬಣ್ಣ, ಅಂಚಿಗೆ ಹಸಿರು ಎಂದು ಹೇಳಿದೆ.