ಗ್ರಾಫೀನ್ ಕಟ್ಟಡದ ಗ್ರೈಂಡರ್

ನವಿ ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಾಫೀನ್ ಎಂಬ ವಸ್ತುವಿನ ಸಂಶೋಧನೆಗೆಂದೇ ಒಂದು ಕಟ್ಟಡವಿದೆ. ಅದರ ಕ್ಯಾಂಟೀನ್ ನನ್ನದು. ಗ್ರಾಫೀನ್ ಎಂದರೇನೆಂದು ಕೇಳಿದವರಿಗೆ ನಾನು ಹೇಳುವುದಿಷ್ಟು: ಪೆನ್ಸಿಲಿನ ಕಡ್ಡಿಯಿದೆಯಲ್ಲ, ಅದನ್ನು ಪದರ ಪದರವಾಗಿ ಬಿಡಿಸುತ್ತ ಹೋದರೆ ಕೊನೆಗೆ ಉಳಿಯುವ ಒಂದೇ ಒಂದು ಹಾಳೆ. ಉಕ್ಕಿಗಿಂತ ಗಟ್ಟಿ. ಕಳಂಬೋಲಿಯ ಕಬ್ಬಿಣದ ವ್ಯಾಪಾರಿಯೊಬ್ಬರಿಗೆ ಹೀಗೆಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ! ನನ್ನ ಮಗಳು ಅದೇ ಕಟ್ಟಡದಲ್ಲಿ ಅದರ ಮೇಲೆಯೇ ಪಿಎಚ್‌ಡಿ ಮಾಡುತ್ತಿದ್ದಳು. ಉಡುಪಿಯಿಂದ ಬಂದು ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆಗಳ ಬಡಾವಣೆಯ ಹೋಟೆಲಿನಲ್ಲಿ ಟೇಬಲ್ ಒರೆಸಿದವನ ಮಗಳು. ನಾನು ಜಂಬ ಕೊಚ್ಚದೆ ಇನ್ಯಾರು ಕೊಚ್ಚಬೇಕು?

ಆದರೆ ಆ ವರ್ಷ ಅವಳ ಮುಖದಲ್ಲಿ ನಗುವಿರಲಿಲ್ಲ. ಆ ಹಾಳೆಯ ಚಿತ್ರ ತೆಗೆಯುವ ಸೂಕ್ಷ್ಮದರ್ಶಕ ಇದ್ದುದು ಒಂದೇ. ಎಲ್ಲರೂ ಪಾಳಿಯಲ್ಲಿ ಬಳಸಬೇಕು. ಇವಳ ಪಾಳಿ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಸರಿಯಾಗಿ ಆ ಹೊತ್ತಿಗೇ ಚಿತ್ರ ನಡುಗುತ್ತಿತ್ತು. ಹೆದ್ದಾರಿಯ ಟ್ರಕ್ಕುಗಳೆಂದರು, ಲೋಕಲ್ ರೈಲೆಂದರು, ಯಂತ್ರದ ಕೆಳಗೆ ರಬ್ಬರ್ ಇಟ್ಟು ನೋಡಿದರು. ಏನೂ ಉಪಯೋಗವಾಗಲಿಲ್ಲ. ಸ್ಪಷ್ಟವಾದ ಹತ್ತಾರು ಚಿತ್ರಗಳಿಲ್ಲದೆ ಪ್ರಬಂಧ ಮುಗಿಯುವಂತಿರಲಿಲ್ಲ.

"ಛೋಡ್ ದೂಂಗಿ ಪಪ್ಪ," ಎಂದಳು ಒಂದು ದಿನ.

ನಾನು ಸಿಡಿದೆ. "ಬಿಡ್ತೀಯಾ? ಇಷ್ಟು ವರ್ಷ ಕಲ್ತು ಈಗ ಬಿಡ್ತೀಯಾ? ಮಂಡೆ ಸಮ ಉಂಟಾ ನಿಂಗೆ?"

ನವರಾತ್ರಿ ಬಂತು. ಆಯುಧಪೂಜೆಯ ದಿನ ನಾವು ಹೋಟೆಲಿನವರು ಯಂತ್ರ ಓಡಿಸುವುದಿಲ್ಲ. ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಟ್ಟು, ನನ್ನ ಕಲ್ಲಿನ ಗ್ರೈಂಡರನ್ನು ತೊಳೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ್ದೆ. ಮಧ್ಯಾಹ್ನ ಮಗಳು ಓಡಿ ಬಂದಳು.

"ಪಪ್ಪ! ಆಜ್ ಏಕ್‌ದಮ್ ಕ್ಲಿಯರ್! ಒಂಚೂರೂ ಅಲ್ಲಾಡ್ಲಿಲ್ಲ!"

ಪ್ರಸಾದದ ಪೇಡೆಯನ್ನು ಅವಳ ಕೈಗಿಡುತ್ತಿದ್ದಂತೆ ನನ್ನ ಕಣ್ಣು ಗ್ರೈಂಡರಿನ ಮೇಲೆ ಹೋಯಿತು. ಅಯ್ಯೋ ದೇವರೇ! ದಿನಾ ಅದನ್ನು ಹತ್ತಕ್ಕೆ ಹಾಕಿ ಹನ್ನೆರಡಕ್ಕೆ ನಿಲ್ಲಿಸುವವನು ನಾನೇ. ಸೂಕ್ಷ್ಮದರ್ಶಕದ ಕೋಣೆ ನಮ್ಮ ಅಡುಗೆಮನೆಯ ಗೋಡೆಯಾಚೆಗೇ ಇತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಅಲ್ಲೇ ರುಬ್ಬಿದ ಹಿಟ್ಟಿನ ದೋಸೆಗೆಂದೇ ಜನ ಬರುತ್ತಿದ್ದರು. ಇವತ್ತು ಗ್ರೈಂಡರ್ ತೆಗೆಸಿದವರು ನಾಳೆ ನನ್ನನ್ನೂ ತೆಗೆದಾರು ಎಂಬ ಹೆದರಿಕೆ. ದಸರಾ ರಜೆ ಮುಗಿದ ಮೇಲೆ ಎರಡು ದಿನ ಎಂದಿನಂತೆ ರುಬ್ಬಿದೆ. ಚಿತ್ರ ಮತ್ತೆ ನಡುಗಿತು. ಎರಡನೆಯ ದಿನ ಮಗಳು ಊಟದ ತಟ್ಟೆಯ ಮುಂದೆ ಕುಳಿತು ಅತ್ತಳು. ಥೂ, ನಾನೂ ಒಬ್ಬ ಅಪ್ಪನಾ ಎನ್ನಿಸಿತು. ನೆಟ್ಟಗೆ ಅವಳ ಗೈಡ್ ಹತ್ತಿರ ಹೋದೆ.

"ಸರ್, ನಿಮ್ಮ ಭೂಕಂಪ ನನ್ನ ಅಡುಗೆಮನೆಯಲ್ಲಿದೆ," ಎಂದು ಹಿಂದಿಯಲ್ಲಿ ಹೇಳಿದೆ.

ಅವರು ನಂಬಲಿಲ್ಲ. ಗ್ರೈಂಡರ್ ಹಾಕಿ ತೋರಿಸಿದೆ, ನಿಲ್ಲಿಸಿದೆ, ಮತ್ತೆ ಹಾಕಿದೆ. ಗೋಡೆಯಾಚೆಯಿಂದ ಮಗಳು ಫೋನಿನಲ್ಲಿ "ಹಿಲಾ... ರುಕಾ... ಫಿರ್ ಹಿಲಾ" ಎಂದು ಚಿತ್ರ ಅಲ್ಲಾಡಿದ್ದನ್ನೂ ನಿಂತದ್ದನ್ನೂ ಹೇಳುತ್ತಿದ್ದಳು. ಅವತ್ತೇ ಗ್ರೈಂಡರ್ ಕೋಪರಖೈರಣೆಯ ನಮ್ಮ ಮನೆಗೆ ಹೋಯಿತು. ಈಗ ಹಿಟ್ಟಿನ ಡಬ್ಬಗಳು ರಿಕ್ಷಾದಲ್ಲಿ ಬರುತ್ತವೆ. ನನ್ನನ್ನು ಯಾರೂ ತೆಗೆಯಲಿಲ್ಲ.

ಮಗಳ ಕೊನೆಯ ಮೌಖಿಕ ಪರೀಕ್ಷೆಯ ದಿನ ನಾನು ಚಹಾದ ಟ್ರೇ ಹಿಡಿದು ಹಿಂದೆ ನಿಂತಿದ್ದೆ. ಚಿತ್ರ ಇಷ್ಟು ಸ್ಥಿರವಾಗಿ ಬಂದದ್ದು ಹೇಗೆಂದು ಹೊರಗಿನಿಂದ ಬಂದ ಪರೀಕ್ಷಕರು ಕೇಳಿದರು. ಅವಳು ನನ್ನ ಕಡೆಗೆ ಕೈ ತೋರಿಸಿದಳು. ಕಂಪನದ ಮೂಲ ಕಂಡುಹಿಡಿದವರು ನನ್ನ ತಂದೆ, ಗೊತ್ತಾದ ಕೂಡಲೇ ಬಂದು ಹೇಳಿದರು ಎಂದಳು. ಇಡೀ ಸಭೆ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ಅವತ್ತಿನಷ್ಟು ಎದೆಯುಬ್ಬಿದ್ದು ನನಗೆ ನನ್ನ ಮದುವೆಯಲ್ಲೂ ಇಲ್ಲ. ಆದರೆ ಆ 'ಕೂಡಲೇ' ಎಂಬುದು ಮಾತ್ರ ಚುಚ್ಚುತ್ತಲೇ ಇತ್ತು.

ಸಂಜೆ ರಿಕ್ಷಾದಲ್ಲಿ ಹೇಳಿಬಿಟ್ಟೆ. "ಕೂಡ್ಲೇ ಹೇಳಿದ್ದಲ್ಲ ಮಗಾ. ಪೂಜೆ ದಿನವೇ ಗೊತ್ತಾಗಿತ್ತು ನಂಗೆ."

"ಮಾಲೂಮ್ ಹೈ ಪಪ್ಪ, ಗೊತ್ತಿತ್ತು ನಂಗೆ," ಎಂದಳು. "ಅವತ್ತು ನೀವು ಗ್ರೈಂಡರ್ ನೋಡಿದ್ರಿ. ನಾನೂ ನೋಡಿದೆ. ನೀವಾಗಿ ಹೇಳ್ತೀರಿ ಅಂತ ಕಾಯ್ತಾ ಇದ್ದೆ."